ಸಿಹಿನೀರ ಬಾವಿಯ ಡಿಕ್ರಿ

ಚಿಂತಾಮಣಿಯ ಮುನ್ಸೀಫ್ ಕೋರ್ಟಿನಲ್ಲಿ ನಾನು ಹನ್ನೊಂದು ವರ್ಷ ನಕಲು ಬರೆಯುವ ಗುಮಾಸ್ತನಾಗಿದ್ದೆ. ಹಳೆಯ ತೀರ್ಪಿನ ಪ್ರತಿ ಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ, ಮೂಲ ಕಾಗದವನ್ನು ಎಡಗಡೆ ಇಟ್ಟುಕೊಂಡು, ಬಲಗಡೆಯ ಹಾಳೆಯ ಮೇಲೆ ಅಕ್ಷರಕ್ಕೆ ಅಕ್ಷರ ಬರೆದು ಮುಗಿಸುವುದು ನನ್ನ ಕೆಲಸ. ಹಾಗೆ ಬರೆದ ಪುಟಗಳು ಎಷ್ಟೋ ಸಾವಿರ. ಬರೆದ ಮರುದಿನವೇ ಮರೆತುಹೋಗುತ್ತಿದ್ದವು. ಮರೆಯದೆ ಉಳಿದದ್ದು ಹದಿಮೂರು ಪುಟ ಮಾತ್ರ. ಅವನ್ನು ಬರೆಸಿಕೊಂಡವರು ಹುಣಸೆಕುಂಟೆಯ ಆಂಜಿನಮ್ಮ. ಅವರ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಮಿಕ್ಕದ್ದನ್ನೆಲ್ಲ ಅವರೇ ಕೋರ್ಟಿನ ಜಗಲಿಯ ಮೇಲೆ ಕೂತು, ಕೈಬಾಯಿ ಎರಡೂ ಆಡಿಸುತ್ತ, ಒಂದೇ ಉಸಿರಿಗೆ ಹೇಳಿದ್ದರು.

1959ನೇ ಇಸವಿ. ಆಂಜಿನಮ್ಮನವರಿಗೆ ಆಗ ಮೂವತ್ತು ದಾಟಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಕೋಲಾರಕ್ಕೆ ಹೋಗುವ ಪುಟ್ಟ ರೈಲಿನ ಹಳಿ ನೋಡಿಕೊಳ್ಳುವವರು. ಹಿಂದಿನ ವರ್ಷವಷ್ಟೇ ಊರಿಗೆ ಬಂದ ವಯಸ್ಕರ ಶಾಲೆಯಲ್ಲಿ ಆಂಜಿನಮ್ಮ ಓದು ಬರಹ ಕಲಿತಿದ್ದರು. ಕಲಿಸಿದವರು ಅನಸೂಯಮ್ಮ ಎಂಬ ಮೇಡಂ. ಕಲಿತ ಹೊಸದರಲ್ಲಿ ಅಂಗಡಿ ಬೋರ್ಡು, ಬೆಂಕಿಪೆಟ್ಟಿಗೆ, ರೈಲ್ವೆ ಸ್ಟೇಷನ್ನಿನ ಗೋಡೆ ಒಂದನ್ನೂ ಬಿಡದೆ ಗಟ್ಟಿಯಾಗಿ ಓದುತ್ತ ನಡೆಯುತ್ತಿದ್ದರಂತೆ. ಜೊತೆಯ ಹೆಂಗಸರು, ‘ಬಾಯಿ ಮುಚ್ಕೊಂಡು ಬಾರೇ, ಎಲ್ಲಾರೂ ನೋಡ್ತಾವ್ರೆ’ ಎಂದು ನಾಚಿಕೊಳ್ಳುತ್ತಿದ್ದರಂತೆ.

ಹುಣಸೆಕುಂಟೆಯ ಕೇರಿಯ ಹಿಂದೆ ಒಂದು ಬಾವಿ ಇತ್ತು. ಊರಿನ ಬಾವಿಗೆ ಕೇರಿಯವರನ್ನು ಸೇರಿಸದಿದ್ದ ಕಾಲದಲ್ಲಿ ಕೇರಿಯ ಗಂಡಸರೇ ತೋಡಿದ ಬಾವಿ. ಊರೊಳಗಿನ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಈ ಬಾವಿಯ ನೀರು ಮಾತ್ರ ಸಿಹಿ. ಅದಕ್ಕೇ ಸಿಹಿನೀರ ಬಾವಿ ಎಂದು ಹೆಸರು. ಬಾವಿ ಇದ್ದದ್ದು ಚೆನ್ನರಾಯಪ್ಪ ಎಂಬವರ ಹೊಲದ ಅಂಚಿನಲ್ಲಿ. ಅವರು ತೀರಿಕೊಂಡ ಮೇಲೆ ಮಕ್ಕಳು ಆ ಹೊಲವನ್ನು ಮೇಲ್ಮನೆ ನರಸಿಂಹಪ್ಪನವರಿಗೆ ಮಾರಿದರು. ನರಸಿಂಹಪ್ಪ ಕೆಲಸಗಾರ ಮನುಷ್ಯ. ಅಲ್ಲಿ ಹಿಪ್ಪುನೇರಳೆ ಹಾಕಬೇಕು, ಬಾವಿಗೆ ಕರೆಂಟಿನ ಮೋಟಾರು ಕೂರಿಸಬೇಕು ಎಂದು ಲೆಕ್ಕ ಹಾಕಿದ್ದರು. ಶಿವರಾತ್ರಿ ಕಳೆದ ಒಂದು ವಾರಕ್ಕೆ ಬಾವಿಯ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತು.

ಬೆಳಗ್ಗೆ ಕೊಡ ಹೊತ್ತು ಹೋದ ಹೆಂಗಸರು ಬೇಲಿಯ ಮುಂದೆ ನಿಂತುಬಿಟ್ಟರು. ನರಸಿಂಹಪ್ಪ ಅಲ್ಲೇ ಇದ್ದರು. ಆಂಜಿನಮ್ಮನೇ ಮುಂದೆ ಬಂದರು.

‘ಗೌಡ್ರೇ, ಇದು ಕೇರಿ ಬಾವಿ. ನಮ್ಮ ಮಾವ ಕೋರ್ಟಲ್ಲಿ ಗೆದ್ದವ್ರೆ.’

‘ಎಲ್ರೂ ಅದನ್ನೇ ಹೇಳ್ತೀರ’ ಎಂದರು ನರಸಿಂಹಪ್ಪ. ಸಿಟ್ಟೇನೂ ಇರಲಿಲ್ಲ. ‘ನಾನು ಕೊಂಡಿರೋ ಪತ್ರದಲ್ಲಿ ಬಾವಿ ಸಮೇತ ಅಂತ ಐತೆ. ಗೆದ್ದಿದ್ರೆ ಕಾಗ್ದ ಇರ್ಬೇಕಲ್ಲಮ್ಮ? ಕಾಗ್ದ ತೋರ್ಸು, ನಾನೇ ನಿಂತು ಬೇಲಿ ಕೀಳಿಸ್ತೀನಿ. ಯುಗಾದಿ ಆದ್ಮೇಲೆ ಮೋಟ್ರು ಬರ್ತೈತೆ, ಅಷ್ಟ್ರೊಳಗೆ ತಾ.’

‘ತರ್ತೀನಿ’ ಎಂದುಬಿಟ್ಟರು ಆಂಜಿನಮ್ಮ.

ಆದರೆ ಕಾಗದ ಇರಲಿಲ್ಲ. ಹದಿನೈದು ವರ್ಷದ ಹಿಂದೆ ಗುಡಿಸಲಿಗೆ ಬೆಂಕಿ ಬಿದ್ದಾಗ ಮಾವ ಆವಲಪ್ಪನವರ ಮರದ ಪೆಟ್ಟಿಗೆ ಬೂದಿಯಾಗಿತ್ತು. ಆವಲಪ್ಪನವರೂ ಈಗ ಇರಲಿಲ್ಲ. ಉಳಿದವರು ಅತ್ತೆ ಮುನಿಗಂಗಮ್ಮ. ಆಂಜಿನಮ್ಮ ಮನೆಗೆ ಓಡಿಬಂದು ಅತ್ತೆಯ ಮುಂದೆ ಕುಕ್ಕರಿಸಿದರು.

‘ಅತ್ತೆ, ಮಾವ ಕೇಸು ಗೆದ್ದಿದ್ದು ಯಾವ ವರ್ಷ?’

‘ನಾನಾಗ ಬಾಣಂತಿ ಕಣೇ.’

‘ಯಾವ ಮಗೂಗೆ?’

‘ಏಳು ಹೆತ್ತಿದೀನಿ. ಯಾವುದಕ್ಕೆ ಅಂತ ಹೇಳ್ಲಿ?’ ಮುದುಕಿ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿ ಯೋಚಿಸಿದರು. ‘ಹಾ! ಮಹಾತ್ಮ ನಂದಿಬೆಟ್ಟದಾಗೆ ಇಳ್ಕೊಂಡಿದ್ದ ವರ್ಷ. ಊರೋರೆಲ್ಲ ಗಾಡಿ ಕಟ್ಕೊಂಡು ನೋಡಕ್ಕೆ ಹೋದ್ರು. ನಿಮ್ಮಾವ ಮಾತ್ರ, ನಂಗೆ ವಾಯ್ದೆ ಐತೆ ಅಂತ ಕೋರ್ಟಿಗೆ ಹೋದ. ಆಮೇಲೆ ಎಂಟು ದಿನಕ್ಕೆ ಕೋರ್ಟಿನ ಅಮೀನ ಬಂದು, ಬಾವಿ ತಾವ ತಮಟೆ ಹೊಡ್ಸಿ ಸಾರ್ಸಿದ.’

‘ಯಾವ ಕೋರ್ಟು?’

‘ಯಾವ ಕೋರ್ಟು ಅಂದ್ರೆ? ಕೋರ್ಟು! ರೈಲಲ್ಲಿ ಹೋದ, ರೈಲಲ್ಲಿ ಬಂದ.’

ರೈಲು ಶಿಡ್ಲಘಟ್ಟದಿಂದ ಎರಡು ಕಡೆಗೂ ಹೋಗುತ್ತದೆ. ಆದರೂ ಆಂಜಿನಮ್ಮನಿಗೆ ಅಷ್ಟೇ ಸಾಕಾಯಿತು. ಅನಸೂಯಮ್ಮ ಮೇಡಂ ಹತ್ತಿರ ಹೋಗಿ ಕೇಳಿದರು. ಗಾಂಧೀಜಿ ನಂದಿಬೆಟ್ಟದಲ್ಲಿ ತಂಗಿದ್ದು 1927ರಲ್ಲಿ ಎಂದು ಮೇಡಂ ಪುಸ್ತಕ ನೋಡಿ ಹೇಳಿದರು. ನಂದಿಗೆ ಹತ್ತಿರದ ಕೋರ್ಟು ಚಿಕ್ಕಬಳ್ಳಾಪುರ. ಹಾಗಾದರೆ ಅಲ್ಲೇ ಇರಬೇಕು! ಮರುದಿನವೇ ಕೆಲಸಕ್ಕೆ ರಜ ಹೇಳಿ ರೈಲು ಹತ್ತಿದರು.

ಚಿಕ್ಕಬಳ್ಳಾಪುರದ ಕೋರ್ಟಿನ ಆವರಣದಲ್ಲಿ ಅರ್ಜಿ ಬರೆದುಕೊಡುವವರು ಸಾಲಾಗಿ ಕೂತಿದ್ದರು. ಒಬ್ಬರು ಕರೆದರು. ‘ಬಾಮ್ಮ, ಏನು ಬರೀಬೇಕು?’

‘ನಾನೇ ಬರೀತೀನಿ ಸ್ವಾಮಿ. ಹೆಂಗೆ ಅಂತ ಹೇಳಿ, ಸಾಕು’ ಎಂದರು ಆಂಜಿನಮ್ಮ.

ಆತ ನಕ್ಕು, ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರಂತೆ. ಒಂದೊಂದು ಅಕ್ಷರ ಅವರೆಕಾಳಿನಷ್ಟು ದಪ್ಪ. ಮುಕ್ಕಾಲು ಗಂಟೆಯಲ್ಲಿ ಆರು ಸಾಲು. ಕೋರ್ಟ್ ಫೀ ಸ್ಟಾಂಪು ಅಂಟಿಸಿ ಒಳಗೆ ಕೊಟ್ಟರು. ಜೀವಮಾನದಲ್ಲಿ ಆಕೆ ಬರೆದ ಮೊದಲನೆಯ ಅರ್ಜಿ ಅದು.

ಅಲ್ಲಿ ದಾಖಲೆ ಕೋಣೆಯ ಉಸ್ತುವಾರಿ ವೆಂಕಟರಾಯಪ್ಪ ಎಂಬುವರದು. ಅವರು ಅರ್ಜಿ ಓದಿ ತಲೆ ಎತ್ತಿದರು.

‘ವಾದಿ ಹೆಸರು ಬರೆದಿದೀಯ, ಪ್ರತಿವಾದಿ ಎಲ್ಲಮ್ಮ?’

‘ಹಂಗಂದ್ರೆ?’

‘ಕೇಸು ಹಾಕ್ದೋನು ವಾದಿ. ಯಾರ ಮೇಲೆ ಹಾಕ್ದ್ರೋ ಅವನು ಪ್ರತಿವಾದಿ. ಕೇಸಿನ ನಂಬರು ಗೊತ್ತಿಲ್ಲ ಅಂತೀಯ. ಇಬ್ರ ಹೆಸರೂ, ವರ್ಷವೂ ಇದ್ರೆ ರಿಜಿಸ್ಟ್ರಲ್ಲಿ ಹುಡುಕ್ಬಹುದು. ಒಂದೇ ಹೆಸರು ಹಿಡ್ಕೊಂಡು ಹೆಂಗಮ್ಮ ಹುಡುಕ್ಲಿ? ಆವಲಪ್ಪಗಳು ನೂರು ಜನ ಇರ್ತಾರೆ.’

ಆಂಜಿನಮ್ಮ ಅಲ್ಲಿಯೇ ನಿಂತು, ಚೆನ್ನರಾಯಪ್ಪ ಎಂದು ಸೇರಿಸಿ ಬರೆದರು. ವೆಂಕಟರಾಯಪ್ಪ ಇನ್ನೊಂದು ಮಾತು ತಿಳಿಸಿದರು. ರಿಜಿಸ್ಟರಿನಲ್ಲಿ ಕೇಸು ಇರುವುದು ದಾವೆ ಹೂಡಿದ ವರ್ಷದಲ್ಲಿ, ತೀರ್ಪಾದ ವರ್ಷದಲ್ಲಿ ಅಲ್ಲ. ತೀರ್ಪು ಇಪ್ಪತ್ತೇಳರಲ್ಲಿ ಆಗಿದ್ದರೆ ಇಪ್ಪತ್ತಾರು, ಇಪ್ಪತ್ತೈದು ಕೂಡ ನೋಡಬೇಕು. ಮುಂದಿನ ವಾರ ಬಾ ಎಂದರು.

ಮುಂದಿನ ವಾರ ಹೋದಾಗ ಅರ್ಜಿಯ ಹಿಂದೆ ಕೆಂಪು ಮಸಿಯಲ್ಲಿ ಒಂದು ಸಾಲು ಬರೆದಿತ್ತು. ಆಂಜಿನಮ್ಮ ತಾವೇ ಓದಿಕೊಂಡರು: ‘ಮೂರು ವರ್ಷದ ರಿಜಿಸ್ಟರು ಪರಿಶೀಲಿಸಲಾಗಿ, ಸದರಿ ದಾವೆ ಕಂಡುಬರಲಿಲ್ಲ.’

ಬೆಂಚಿನ ಮೇಲೆ ಕೂತರು. ಯಾವ ಧೈರ್ಯದ ಮೇಲೆ ನರಸಿಂಹಪ್ಪನವರಿಗೆ ‘ತರ್ತೀನಿ’ ಎಂದೆ ಎಂದು ತಮ್ಮನ್ನೇ ಬೈದುಕೊಂಡರು. ವೆಂಕಟರಾಯಪ್ಪ ಊಟಕ್ಕೆ ಎದ್ದವರು ಆಕೆಯನ್ನು ಕಂಡು ನಿಂತರು.

‘ಇಪ್ಪತ್ತೇಳು ಅಂತ ಯಾರು ಹೇಳಿದ್ದಮ್ಮ ನಿಂಗೆ?’

ಆಂಜಿನಮ್ಮ ಅತ್ತೆ ಹೇಳಿದ್ದನ್ನು ಹೇಳಿದರು. ವೆಂಕಟರಾಯಪ್ಪ ಜೋರಾಗಿ ನಕ್ಕುಬಿಟ್ಟರು.

‘ಅಯ್ಯೋ, ಮಹಾತ್ಮರು ನಂದಿಗೆ ಎರಡು ಸಲ ಬಂದಿದ್ರಲ್ಲಮ್ಮ! ಮೂವತ್ತಾರರಲ್ಲೂ ಬಂದಿದ್ರು. ನಾನೇ ನಡ್ಕೊಂಡು ಹೋಗಿ ನೋಡಿದೀನಿ. ಅದಿರ್ಲಿ, ನಿಮ್ಮೂರು ಆ ಕಾಲಕ್ಕೆ ಯಾವ ತಾಲ್ಲೂಕು?’

‘ಈಗ ಶಿಡ್ಲಘಟ್ಟ. ಮುಂಚೆ ಕಂದಾಯ ಕಟ್ಟಕ್ಕೆ ಚಿಂತಾಮಣಿಗೆ ಹೋಗ್ತಿದ್ರು ಅಂತ ಅತ್ತೆ ಹೇಳ್ತಿರ್ತಾರೆ.’

‘ಹಂಗಾದ್ರೆ ನೀನು ಕೂತಿರೋ ಊರೇ ತಪ್ಪು. ಏಳು, ಚಿಂತಾಮಣಿಗೆ ಹೋಗು!’

ಹೊಸ ವರ್ಷ, ಹೊಸ ಊರು! ಬೇಸರ ಎಲ್ಲಿ ಹೋಯಿತೋ. ಆಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇಷನ್ನಿಗೆ ಓಡಿದರು. ರೈಲು ಆಗಲೇ ಹೊರಟಿತ್ತು. ಗ್ಯಾಂಗ್‌ಮನ್ನಿನ ಹೆಂಡತಿ ಎಂದು ಗುರುತು ಹಿಡಿದ ಗಾರ್ಡು ಕೈ ಕೊಟ್ಟು ಎಳೆದುಕೊಂಡರಂತೆ.

ನಾನು ಅವರನ್ನು ಮೊದಲು ನೋಡಿದ್ದು ಯುಗಾದಿಗೆ ಹನ್ನೆರಡು ದಿನ ಇದ್ದಾಗ. ನಮ್ಮ ಕೋರ್ಟಿನ ದಾಖಲೆ ಗುಮಾಸ್ತರಿಗೆ ಧೂಳೆಂದರೆ ಆಗುತ್ತಿರಲಿಲ್ಲ. ಹಳೇ ರಿಜಿಸ್ಟರು ತೆರೆದರೆ ಸಾಕು, ಸಾಲಾಗಿ ಹತ್ತು ಸೀನು. ಪಾಪ, ಅಂಥವರಿಗೆ ಅಂಥ ಕೆಲಸ. ಆಂಜಿನಮ್ಮ ಈ ಸಲ ಅರ್ಜಿಯಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ವಾದಿ, ಪ್ರತಿವಾದಿ, ಊರು, ಬಾವಿಯ ವಿವರ, ಹುಡುಕಬೇಕಾದ ವರ್ಷಗಳು, ಕೊನೆಗೆ ‘ನಾನು ವಾದಿಯ ಸೊಸೆ’ ಎಂದು ದಪ್ಪಕ್ಷರದ ಸಹಿ. ಗುಮಾಸ್ತರು ಮೆಚ್ಚಿಕೊಂಡರು. ‘ವಕೀಲರ ಅರ್ಜಿಯೂ ಇಷ್ಟು ಸರಿಯಾಗಿರಲ್ಲ. ಮೂರು ದಿನ ಬಿಟ್ಟು ಬಾಮ್ಮ’ ಎಂದರು.

ಮೂರನೆಯ ದಿನ ಬಂದರು. ಮೂವತ್ತಾರು, ಮೂವತ್ತೈದು ನೋಡಿ ಆಗಿತ್ತು, ಇಲ್ಲ. ಮೂವತ್ತನಾಲ್ಕರ ರಿಜಿಸ್ಟರು ಮೇಜಿನ ಮೇಲಿತ್ತು. ಗುಮಾಸ್ತರು, ‘ನಿಂತಿರು, ಈಗಲೇ ನೋಡಿಬಿಡ್ತೀನಿ’ ಎಂದು ಮೂಗಿಗೆ ಟವಲು ಕಟ್ಟಿಕೊಂಡು ಪುಟ ತಿರುವತೊಡಗಿದರು. ಆಂಜಿನಮ್ಮ ಮೇಜಿನ ಈ ಕಡೆ, ಅವರ ಎದುರು ನಿಂತಿದ್ದರು. ನಾನು ಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದೆ.

ಆ ರಿಜಿಸ್ಟರು ಹಳೆಯ ಕಾಲದ ಕೂಡುಬರಹ. ಒಂದು ಪುಟಕ್ಕೆ ಹನ್ನೆರಡು ಕೇಸು. ಗುಮಾಸ್ತರ ಬೆರಳು ನಿಧಾನವಾಗಿ ಇಳಿಯುತ್ತಿತ್ತು. ಇಪ್ಪತ್ತು ಪುಟ ಆಯಿತು. ನಲವತ್ತು ಆಯಿತು. ಗುಮಾಸ್ತರು ಎಡಗಡೆ ಪುಟದ ತಲೆಯಲ್ಲಿದ್ದಾಗ ಇದ್ದಕ್ಕಿದ್ದಂತೆ ಕೋಣೆ ನಡುಗುವ ಹಾಗೆ ಕೂಗು ಬಂತು.

‘ಸ್ವಾಮೀ! ಆ ಕಡೆ ಪುಟ! ಕೆಳಗಿಂದ ಮೂರನೇದು! ಆವಲಪ್ಪ, ಹುಣಸೆಕುಂಟೆ!’

ನನ್ನ ಪೆನ್ನು ಕಾಗದದ ಮೇಲೆ ಗೀರಿತು. ಗುಮಾಸ್ತರು ಬೆರಳು ಹಾರಿಸಿ ಬಲಪುಟದ ಕೆಳಕ್ಕೆ ತಂದರು. ಇತ್ತು! ದಾವೆ ನಂಬರು ನೂರಾ ಹನ್ನೆರಡು, 1934. ವಾದಿ ಆವಲಪ್ಪ ಮತ್ತು ಇತರರು. ಪ್ರತಿವಾದಿ ಚೆನ್ನರಾಯಪ್ಪ. ‘ಬಾವಿ ಮತ್ತು ದಾರಿಯ ಹಕ್ಕಿನ ಬಗ್ಗೆ.’

‘ತಲೆಕೆಳಗಾಗಿ ಹೆಂಗೆ ಓದ್ದೆಯಮ್ಮ?’ ಎಂದು ನಾನು ಎದ್ದೇಬಿಟ್ಟೆ.

‘ನಮ್ಮ ಶಾಲೇಲಿ ನಾಲ್ಕು ಜನಕ್ಕೆ ಒಂದೇ ಪುಸ್ತಕ ಸ್ವಾಮಿ. ನಾನು ಯಾವಾಗ್ಲೂ ಎದುರುಗಡೆ ಕೂತ್ಕಂತಿದ್ದೆ. ನಂಗೆ ಹಂಗೇ ಓದಕ್ಕೆ ಸಲೀಸು’ ಎಂದರು. ಅಷ್ಟು ಹೊತ್ತಿಗೆ ಅವರ ಕಣ್ಣು ತುಂಬಿ, ನಗುವೋ ಅಳುವೋ ಎಂದು ಹೇಳಲಾರದಂತೆ ಮುಖವೆಲ್ಲ ಅರಳಿತ್ತು.

ಆದರೆ ಗುಮಾಸ್ತರು ಇನ್ನೂ ನಗುತ್ತಿರಲಿಲ್ಲ. ಅವರ ಬೆರಳು ಆ ಸಾಲಿನ ಉದ್ದಕ್ಕೂ ಸರಿದು ಕೊನೆಯ ಅಂಕಣದಲ್ಲಿ ನಿಂತಿತ್ತು.

‘ವಾದಿಯ ಪರ ಡಿಕ್ರಿ ಆಗಿದೆ. ಮೂವತ್ತಾರನೇ ಇಸವಿ. ಆದ್ರೆ... ಅಪೀಲು ಹೋಗಿದೆಯಮ್ಮ.’

‘ಅಪೀಲು ಅಂದ್ರೆ?’

‘ಸೋತ ಚೆನ್ನರಾಯಪ್ಪ ಮೇಲಿನ ಕೋರ್ಟಿಗೆ ಹೋಗಿದಾನೆ. ಅಲ್ಲಿ ಗೆದ್ದಿದ್ರೆ ಇಲ್ಲಿ ಗೆದ್ದಿದ್ದು ಏನೂ ಇಲ್ಲ.’

ಮಸಿ ಮಾಸಿ, ಆ ಮೂಲೆಯ ಅಕ್ಷರ ಕಾಣುತ್ತಿರಲಿಲ್ಲ. ಗುಮಾಸ್ತರು ರಿಜಿಸ್ಟರನ್ನು ಎತ್ತಿಕೊಂಡು ಕಿಟಕಿಯ ಬಳಿಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಬಿಸಿಲಿಗೆ ಹಿಡಿದರು. ಸೀನು ಬಂತು. ಒಂದಲ್ಲ, ಐದು. ಕೊನೆಗೆ ಗುಮಾಸ್ತರು ಮೂಗು ಒರೆಸಿಕೊಂಡು ಓದಿದರು: ‘ಅಪೀಲು ವಜಾ.’

‘ವಜಾ ಅಂದ್ರೇನು ಸ್ವಾಮಿ? ಬೇಗ ಹೇಳಿ!’

‘ಅಲ್ಲೂ ಸೋತ ಅಂತ! ನಿಮ್ಮಾವ ಎರಡು ಕೋರ್ಟಲ್ಲೂ ಗೆದ್ದಿದಾನೆ!’

ಆಂಜಿನಮ್ಮ ಒಂದು ಸಲ ಕೈ ತಟ್ಟಿದರು. ಕೋರ್ಟು ಎಂದು ನೆನಪಾಗಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಒಳಗೆ ಕಲಾಪ ನಡೆಯುತ್ತಿತ್ತು. ದಫೇದಾರ ಬಾಗಿಲಲ್ಲಿ ಇಣುಕಿ ತುಟಿಯ ಮೇಲೆ ಬೆರಳಿಟ್ಟ. ನಾವು ಮೂವರೂ ತುಂಟತನ ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ನಿಂತಿದ್ದೆವು.

ನಂಬರು ಸಿಕ್ಕ ಮೇಲೆ ಮಿಕ್ಕದ್ದು ಸಲೀಸು. ಅಟೆಂಡರು ಏಣಿ ಹತ್ತಿ ಮೂವತ್ತನಾಲ್ಕರ ಕಟ್ಟು ಇಳಿಸಿದ. ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಅಂಚೆಲ್ಲ ಕಂದಾಗಿದ್ದ ಕಾಗದಗಳು, ಒಳಗೆ ತೀರ್ಪು, ಡಿಕ್ರಿ ಎರಡೂ ಇದ್ದವು. ಈಗ ನಕಲಿಗೆ ಬೇರೆ ಅರ್ಜಿ ಕೊಡಬೇಕಿತ್ತು. ನಾನು ಕೇಳಿದೆ, ‘ಡಿಕ್ರಿ ಸಾಕಾ, ತೀರ್ಪೂ ಬೇಕಾ? ಡಿಕ್ರಿ ಎರಡು ಪುಟ. ಯಾರು ಗೆದ್ದರು ಅಂತ ಮಾತ್ರ ಇರ್ತದೆ. ತೀರ್ಪು ಹನ್ನೊಂದು ಪುಟ. ಯಾಕೆ ಗೆದ್ದರು, ಯಾರು ಏನು ಹೇಳಿದರು ಅಂತೆಲ್ಲ ಇರ್ತದೆ.’

‘ಎರಡೂ ಬೇಕು ಸ್ವಾಮಿ. ನಮ್ಮ ಮಾವ ಏನು ಹೇಳಿದ್ರು ಅಂತ ನಾನು ಓದ್ಬೇಕು.’

ನನ್ನ ಮೇಜಿನ ಮೇಲೆ ಆಗ ಬೇರೆಯವರ ಅರ್ಜಿಗಳಿದ್ದವು. ಸರದಿ ತಪ್ಪಿಸುವ ಹಾಗಿಲ್ಲ. ಅವನ್ನೆಲ್ಲ ಬೇಗ ಬೇಗ ಮುಗಿಸಿ, ಊಟದ ಹೊತ್ತಿನಲ್ಲೂ ಕೂತು, ಹುಣಸೆಕುಂಟೆಯ ಹಾಳೆ ಎತ್ತಿಕೊಂಡೆ. ಕೈ ನೋಯುವಷ್ಟು ಬರೆದೆ. ಆ ದಿನಗಳಲ್ಲಿ ಬೆಳಗ್ಗೆ ಕಛೇರಿಗೆ ಹೋಗಲು ನನಗೇ ಅವಸರ. ಬರೆದದ್ದನ್ನು ಮೂಲದೊಂದಿಗೆ ಇನ್ನೊಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಶಿರಸ್ತೇದಾರರು ‘ನಿಜ ನಕಲು’ ಎಂದು ಸಹಿ ಹಾಕಿದರು. ದುಂಡು ಮೊಹರು ಬಿತ್ತು. ಯುಗಾದಿಗೆ ಇನ್ನು ಎರಡೇ ದಿನ.

ಆಂಜಿನಮ್ಮ ಕಾಗದ ಕೈಗೆ ತೆಗೆದುಕೊಳ್ಳುವ ಮುಂಚೆ ಸೀರೆಗೆ ಎರಡೂ ಕೈ ಒರೆಸಿಕೊಂಡರು. ನಮಸ್ಕಾರ ಹೇಳಿದರು, ಓಡಿದರು.

ರೈಲಿನಲ್ಲಿ ನಡೆದದ್ದು ಅವರೇ ಹೇಳಿದ ಹಾಗೆ ಹೇಳುತ್ತೇನೆ. ಕಿಟಕಿ ಪಕ್ಕ ಕೂತು ಡಿಕ್ರಿ ಓದಿದರು, ತಮ್ಮ ಅಭ್ಯಾಸದಂತೆ ಗಟ್ಟಿಯಾಗಿ. ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬರುತ್ತಿದ್ದ ಒಂದು ಸಂಸಾರ, ಕುರಿ ವ್ಯಾಪಾರದ ಇಬ್ಬರು, ಎಲ್ಲರೂ ಕಿವಿ ಕೊಟ್ಟರು. ‘ಸದರಿ ಬಾವಿಯಿಂದ ವಾದಿಗಳೂ ಕೇರಿಯ ಸಮಸ್ತರೂ ನೀರು ಸೇದಿಕೊಳ್ಳಲು, ಬಾವಿಗೆ ಹೋಗಿ ಬರುವ ದಾರಿಯನ್ನು ಬಳಸಲು ಶಾಶ್ವತವಾಗಿ ಹಕ್ಕುಳ್ಳವರೆಂದು ತೀರ್ಮಾನಿಸಲಾಗಿದೆ.’

‘ಶಾಶ್ವತವಾಗಿ ಅಂತ ಐತಾ? ಇನ್ನೊಂದ್ಸಲ ಓದಮ್ಮ’ ಎಂದರು ಒಬ್ಬರು. ಓದಿದರು. ‘ಭೇಷ್!’ ಎಂದರು ಎಲ್ಲ.

ಆಮೇಲೆ ತೀರ್ಪು. ಮಾವನ ಹೇಳಿಕೆ ಬಂತು. ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು. ಏಳನೆಯ ಪುಟ. ವಾದಿಯ ಪರ ಎರಡನೇ ಸಾಕ್ಷಿ. ಹೆಸರು ಓದಿದವರೇ, ಓಡುತ್ತಿರುವ ರೈಲಿನಲ್ಲಿ ಎದ್ದು ನಿಂತುಬಿಟ್ಟರಂತೆ. ತಲೆ ಮೇಲಿನ ಹಲಗೆಗೆ ಬಡಿಯಿತು. ನೋವೇ ಗೊತ್ತಾಗಲಿಲ್ಲ.

‘ಯಾಕಮ್ಮ, ಏನಾಯ್ತು?’

‘ಏನಿಲ್ಲ, ಏನಿಲ್ಲ’ ಎಂದು ನಗುತ್ತ ಕೂತರು. ಶಿಡ್ಲಘಟ್ಟ ಬರುವವರೆಗೆ ಆ ಪುಟವನ್ನೇ ಹಿಡಿದುಕೊಂಡಿದ್ದರು.

ಸ್ಟೇಷನ್ನಿನಿಂದ ಹುಣಸೆಕುಂಟೆಗೆ ಮೂರು ಮೈಲಿ. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಬಾವಿಯ ಹತ್ತಿರ ಇಬ್ಬರು ಗಾರೆಯವರು ಮೋಟಾರಿಗೆ ಇಟ್ಟಿಗೆಯ ಕಟ್ಟೆ ಕಟ್ಟುತ್ತಿದ್ದರು. ನರಸಿಂಹಪ್ಪ ಕೊಡೆ ಹಿಡಿದು ನಿಂತಿದ್ದರು. ಆಂಜಿನಮ್ಮ ಓಡಿಬರುವುದನ್ನು ಕಂಡ ಕೇರಿಯ ಹೆಂಗಸರು ಒಬ್ಬೊಬ್ಬರೇ ಬಂದು ಸೇರಿದರು. ಮುನಿಗಂಗಮ್ಮ ಕೋಲೂರಿಕೊಂಡು ಬಂದರು.

‘ಗೌಡ್ರೇ, ತಂದೀವ್ನಿ’ ಎಂದರು ಆಂಜಿನಮ್ಮ ಏದುಸಿರು ಬಿಡುತ್ತ.

ನರಸಿಂಹಪ್ಪ ಮೊಹರು ನೋಡಿದರು, ಕಾಗದ ತಿರುಗಿಸಿದರು. ‘ಕನ್ನಡಕ ಮನೇಲೈತೆ. ನೀನೇ ಓದಮ್ಮ.’

ಆಂಜಿನಮ್ಮ ಡಿಕ್ರಿ ಓದಿದರು. ಶಾಶ್ವತ ಎಂಬ ಮಾತು ಬಂದಾಗ ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ನರಸಿಂಹಪ್ಪ ತಲೆ ಅಲ್ಲಾಡಿಸಿದರು.

‘ಅದು ಚೆನ್ನರಾಯಪ್ಪನ ಮೇಲೆ ಆಗಿರೋದು. ನನ್ನ ಮೇಲಲ್ಲ. ನಾನು ವಕೀಲರನ್ನ ಕೇಳ್ಬೇಕು.’

‘ಕೇಳಿ ಗೌಡ್ರೇ. ಅದಕ್ಕೂ ಮುಂಚೆ ಇನ್ನೊಂದು ಓದ್ತೀನಿ, ಕೇಳಿಸ್ಕೊಳಿ.’ ಏಳನೆಯ ಪುಟ ತೆಗೆದರು. ‘ವಾದಿಯ ಪರ ಎರಡನೇ ಸಾಕ್ಷಿ, ಸದರಿ ಗ್ರಾಮದ ಮೇಲ್ಮನೆ ಕೊಂಡಪ್ಪ.’

ನರಸಿಂಹಪ್ಪ ಕೊಡೆ ಕೆಳಗಿಳಿಸಿದರು. ಕೊಂಡಪ್ಪ ಅವರ ತಂದೆ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಆಂಜಿನಮ್ಮ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಓದಿದರು: ‘ಬಾವಿ ತೋಡಿದಾಗ ನನಗೆ ಹದಿನೆಂಟು ವರ್ಷ. ಕೇರಿಯವರು ತೋಡಿದ್ದನ್ನು ನಾನು ನೋಡಿದ್ದೇನೆ. ಬಂಡೆ ಅಡ್ಡ ಬಂದಾಗ ನಮ್ಮ ಮನೆಯ ಹಾರೆಯನ್ನು ನಾವೇ ಕೊಟ್ಟೆವು. ನೀರು ಬಂದ ದಿನ ನಮಗೂ ಬೆಲ್ಲ ಹಂಚಿದರು. ಪ್ರತಿವಾದಿ ಚೆನ್ನರಾಯಪ್ಪ ನನಗೆ ನೆಂಟ. ಆದರೂ ನಾನು ಸುಳ್ಳು ಹೇಳಲಾರೆ. ಬಾವಿ ಕೇರಿಯವರದು.’

ಗಾರೆಯವರ ಕರಣೆ ನಿಂತಿತ್ತು.

‘ಇನ್ನೊಂದ್ಸಲ ಓದು’ ಎಂದರು ನರಸಿಂಹಪ್ಪ. ಓದಿದರು. ‘ಹಾರೆ ಕೊಟ್ಟಿದ್ದು, ಅಲ್ಲಿಂದ ಓದು.’ ಮತ್ತೆ ಓದಿದರು.

‘ನಮ್ಮಪ್ಪ ಒಂದು ದಿನಾನೂ ಈ ಮಾತು ಎತ್ಲಿಲ್ಲ’ ಎಂದರು ನರಸಿಂಹಪ್ಪ, ಯಾರಿಗೂ ಅಲ್ಲ ಎಂಬಂತೆ.

ಮುನಿಗಂಗಮ್ಮ ಕೋಲು ಎತ್ತಿ ಕಟ್ಟೆಯ ಕಡೆ ತೋರಿಸಿದರು. ‘ಈಗ ನೆಪ್ಪಾಯ್ತು, ಸಾಕ್ಷಿ ಹೇಳಕ್ಕೆ ಬಂದಿದ್ದಪ್ಪ ನಿಮ್ಮಪ್ಪ. ಕೋರ್ಟಿಗೆ ನಮ್ಮೋನ ಜೊತೇಲೇ ರೈಲಲ್ಲಿ ಹೋದ. ಅದಕ್ಕೇ ಚೆನ್ನರಾಯಪ್ಪನ ಮನೆಯೋರು ನಿಮ್ಮ ಮದುವೆಗೆ ಬರ್ಲಿಲ್ಲ. ಗ್ಯಾಪಕ ಇಲ್ವಾ?’

ನರಸಿಂಹಪ್ಪನಿಗೆ ಆ ಮದುವೆಯ ಮುನಿಸು ನೆನಪಿತ್ತು, ಕಾರಣ ಮಾತ್ರ ಇಷ್ಟು ವರ್ಷ ಗೊತ್ತಿರಲಿಲ್ಲ. ಅವರು ಬಾವಿಯೊಳಗೆ ಬಗ್ಗಿ ನೋಡಿದರು. ಆಮೇಲೆ ಗಾರೆಯವರಿಗೆ, ‘ಇಟ್ಟಿಗೆ ಎತ್ರಪ್ಪ. ಮೇಲ್ಗಡೆ ಮೂಲೇಲಿ ಬೇರೆ ಬಾವಿ ತೋಡಿಸ್ತೀನಿ’ ಎಂದರು. ಆಳುಗಳನ್ನು ಕರೆದು ಬೇಲಿ ಕೀಳಲು ಹೇಳಿದರು. ಆಡಿದ ಮಾತಿನಂತೆ ತಾವೇ ನಿಂತು ಕೀಳಿಸಿದರು. ಮುಖ ಮಾತ್ರ ಹೊಲದ ಕಡೆ ತಿರುಗಿಸಿಕೊಂಡಿದ್ದರು. ಮುಳ್ಳು ಪೂರ್ತಿ ತೆಗೆಯುವಷ್ಟು ತಾಳ್ಮೆ ಹೆಂಗಸರಿಗಿರಲಿಲ್ಲ. ಒಂದು ಕಡೆ ಸಂದು ಆದದ್ದೇ ತಡ, ಸೀರೆ ಹರಿದರೂ ಲೆಕ್ಕಿಸದೆ ನುಗ್ಗಿದರು. ಹಗ್ಗ ಇಳಿಯಿತು, ಕೊಡ ಮುಳುಗಿತು, ನಗು, ಕೂಗಾಟ, ಒಬ್ಬರ ಮೇಲೊಬ್ಬರು ನೀರೆರಚಾಟ. ಯುಗಾದಿಯ ಎಣ್ಣೆನೀರು ಕೇರಿಯಲ್ಲಿ ಎರಡು ದಿನ ಮುಂಚೆಯೇ ಆಯಿತು ಎಂದು ಆಂಜಿನಮ್ಮ ಹೇಳಿ ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ದಿನ ನರಸಿಂಹಪ್ಪ ನಮ್ಮ ಕೋರ್ಟಿಗೆ ಬಂದರು. ‘ಅದ್ರಲ್ಲಿ ನಮ್ಮಪ್ಪ ಹೇಳಿರೋ ಪುಟ ಒಂದೇ ಸಾಕು, ನಕಲು ಕೊಡ್ತೀರಾ?’ ಎಂದು ಕೇಳಿದರು. ಬಿಡಿ ಪುಟ ಕೊಡುವ ಹಾಗಿಲ್ಲ, ತೀರ್ಪು ಪೂರ್ತಿ ತೆಗೆದುಕೊಳ್ಳಬೇಕು ಎಂದೆ. ತೆಗೆದುಕೊಂಡರು. ಆಂಜಿನಮ್ಮನ ಜೊತೆ ಮಾತ್ರ ಅವರು ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲವಂತೆ. ಆಮೇಲೆ ತಾನಾಗಿ ಸರಿಹೋಯಿತು.

ಈ ಸುದ್ದಿ ದೂರದ ಪೆರೇಸಂದ್ರದವರೆಗೂ ಹೋಯಿತು. ತಾತನ ಪಾಲುಪತ್ರ, ಅಜ್ಜಿಯ ಜೀವನಾಂಶದ ತೀರ್ಪು, ಸ್ಮಶಾನದ ದಾರಿ ಎಂದು ಜನ ಆಂಜಿನಮ್ಮನನ್ನು ಹುಡುಕಿಕೊಂಡು ಬರತೊಡಗಿದರು. ಅವರು ಎಲ್ಲರಿಗೂ ಮೊದಲು ಕೇಳುತ್ತಿದ್ದ ಪ್ರಶ್ನೆಗಳು ಹೀಗೆ: ಆವಾಗ ಊರಲ್ಲಿ ಏನು ನಡೀತು? ಮಳೆ ಜಾಸ್ತಿ ಆಗಿತ್ತಾ, ಪ್ಲೇಗು ಬಂದಿತ್ತಾ, ಯಾರ ಮದುವೆ ಆಗಿತ್ತು? ಅದರಿಂದ ವರ್ಷ ಹಿಡಿಯುತ್ತಿದ್ದರು. ಆಮೇಲೆ, ಕಂದಾಯ ಎಲ್ಲಿ ಕಟ್ಟುತ್ತಿದ್ದಿರಿ? ಅದರಿಂದ ಕೋರ್ಟು ಹಿಡಿಯುತ್ತಿದ್ದರು. ಬಂದವರಿಗೆ ಅಕ್ಷರ ಬರುತ್ತಿದ್ದರೆ ಅವರ ಕೈಯಲ್ಲೇ ಅರ್ಜಿ ಬರೆಸುತ್ತಿದ್ದರು. ಭಾನುವಾರ ಇದೇ ಕೆಲಸ. ವಾರದ ದಿನಗಳಲ್ಲಿ ಎಂದಿನಂತೆ ಬಿಸಿನೀರು, ಗೂಡು. ಎಲ್ಲ ಸಲವೂ ಸಿಗುತ್ತಿತ್ತು ಎಂದಲ್ಲ. ಸಿಗದಿದ್ದಾಗ ಬಂದವರಿಗಿಂತ ಅವರೇ ಹೆಚ್ಚು ಸಪ್ಪಗಾಗುತ್ತಿದ್ದರು.

1966ರ ಒಂದು ಸೋಮವಾರ ಅವರು ನಮ್ಮ ಕೋರ್ಟಿಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಜೊತೆಗೆ ಕುಡುಮಲಕುಂಟೆ ಕಡೆಯ ವೆಂಕಟರತ್ನಮ್ಮ ಎಂಬ ಹೆಂಗಸು. ತವರಿನಿಂದ ಆಕೆಗೆ ಬರಬೇಕಾದ ಒಂದು ಎಕರೆಯ ರಾಜಿ ಡಿಕ್ರಿ ಹುಡುಕುತ್ತಿದ್ದರು. ನಮ್ಮಲ್ಲಿ ಸಿಗಲಿಲ್ಲ. ಆದರೆ ರಿಜಿಸ್ಟರಿನ ಅಂಚಿನಲ್ಲಿ, ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಿದೆ ಎಂದು ಸಣ್ಣಕ್ಷರದ ಟಿಪ್ಪಣಿ ಸಿಕ್ಕಿತು. ಆ ಟಿಪ್ಪಣಿಯ ಮೇಲೆ ಬೆರಳಿಟ್ಟ ಆಂಜಿನಮ್ಮನ ಮುಖ ನೋಡಬೇಕಿತ್ತು!

‘ನೋಡಿದ್ಯಾ ವೆಂಕಟರತ್ನಮ್ಮ, ಇದು ಗೌರಿಬಿದನೂರಿಗೆ ಹೋಗೈತೆ! ಏಳು, ಏಳು, ಚಿಕ್ಕಬಳ್ಳಾಪುರಕ್ಕೆ ರೈಲಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯಣ.’

‘ಇವತ್ತೇನಾ ಅಕ್ಕ? ಊಟ ಮಾಡಿಲ್ಲ.’

‘ಮುದ್ದೆ ಕಟ್ಕೊಂಡು ಬಂದೀವ್ನಿ, ರೈಲಲ್ಲಿ ತಿನ್ನಣ. ಕೋರ್ಟು ಐದು ಗಂಟೆಗೆ ಮುಚ್ಚಿಬಿಡ್ತಾರೆ. ಸ್ವಾಮಿ, ಆ ವರ್ಗಾವಣೆ ನಂಬರು ಒಂದು ಚೀಟೀಲಿ ಬರ್ಕೊಳ್ತೀನಿ, ಪೆನ್ಸಿಲ್ ಕೊಡಿ.’

ಕೊಟ್ಟೆ. ಬರೆದುಕೊಂಡರು. ವೆಂಕಟರತ್ನಮ್ಮನ ಕೈ ಹಿಡಿದು ಎಳೆದುಕೊಂಡು ಮೆಟ್ಟಿಲಿಳಿದರು. ಅವಸರದಲ್ಲಿ ನನ್ನ ಪೆನ್ಸಿಲನ್ನೂ ತೆಗೆದುಕೊಂಡು ಹೋಗಿಬಿಟ್ಟರು.